ಕಡಲೊಳಗೆ ಸದ್ದಿನ ದಾರಿ

ಪ್ರಶ್ನೆ: ಗೋವೆಯ ಗ್ರಾಂಡ್ ಐಲ್ಯಾಂಡ್ ಬಳಿ ಸ್ಕೂಬಾ ಡೈವಿಂಗ್‌ಗೆ ಇಳಿದಿದ್ದ ನನ್ನ ಮಗ, ದೋಣಿಯೊಂದು ತಲೆಯ ಮೇಲೆಯೇ ಬಂದಂತೆ ಎಂಜಿನ್ ಸದ್ದು ಕೇಳಿ ಗಾಬರಿಯಾದನಂತೆ. ಮೇಲೆ ಬಂದು ನೋಡಿದರೆ ದೋಣಿ ಬಹಳ ದೂರದಲ್ಲಿತ್ತು. ಹೀಗೇಕೆ? ನಮ್ಮ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಸದ್ದಿನ ಅಧ್ಯಯನವೂ ನಡೆಯುತ್ತದಂತೆ. ಅದರಿಂದೇನು ಪ್ರಯೋಜನ?
– ಓದುಗರೊಬ್ಬರು, ಬೈನಾ, ವಾಸ್ಕೊ

ಉತ್ತರ: ನಿಮ್ಮ ಮಗನ ಕಿವಿಯಲ್ಲಿ ದೋಷವಿಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಸದ್ದು ಯಾವ ಕಡೆಯದೆಂದು ನಾವು ತಿಳಿಯುವುದು ಮುಖ್ಯವಾಗಿ ಎರಡು ಕಿವಿಗಳನ್ನು ಅದು ತಲುಪುವ ಸಮಯದ ಅತಿ ಸಣ್ಣ ವ್ಯತ್ಯಾಸದಿಂದ. ನೀರಿನಲ್ಲಿ ಆ ವ್ಯತ್ಯಾಸ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುವುದರಿಂದ, ಜೊತೆಗೆ ಸದ್ದು ತಲೆಬುರುಡೆಯ ಮೂಲಕವೂ ಒಳಗಿವಿಯನ್ನು ಮುಟ್ಟುವುದರಿಂದ, ದಿಕ್ಕು ತಪ್ಪುತ್ತದೆ. ನೀರು ಗಾಳಿಗಿಂತ ಸಾಂದ್ರವಾದ್ದರಿಂದ ವೇಗ ಹೆಚ್ಚು ಎಂದು ಹೇಳುವವರಿದ್ದಾರೆ; ಅದು ತಪ್ಪು. ಸಾಂದ್ರತೆ ವೇಗವನ್ನು ತಗ್ಗಿಸುತ್ತದೆ. ಅದನ್ನು ಮೀರಿಸುವಷ್ಟು ವೇಗ ಕೊಡುವುದು, ಒತ್ತಿದರೂ ಸುಲಭವಾಗಿ ಕುಗ್ಗದ ನೀರಿನ ಬಿಗಿ.

ಆದರೆ ಸಂಶೋಧಕರಿಗೆ ವೇಗಕ್ಕಿಂತ ಮುಖ್ಯವಾದುದು ಸದ್ದು ಬಾಗುವ ಬಗೆ. ನೀರು ಬೆಚ್ಚಗಾದಷ್ಟೂ, ಉಪ್ಪು ಹೆಚ್ಚಿದಷ್ಟೂ, ಆಳದಲ್ಲಿ ಒತ್ತಡ ಏರಿದಷ್ಟೂ ಶಬ್ದದ ವೇಗ ಹೆಚ್ಚುತ್ತದೆ. ಸದ್ದು ಮಾತ್ರ ಸದಾ ವೇಗ ಕಡಿಮೆಯಿರುವ ಪದರದ ಕಡೆಗೇ ಬಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸೋನಾರ್ (ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಸಾಧನ) ಬೆಳಗ್ಗೆ ಚೆನ್ನಾಗಿ ಕೆಲಸ ಮಾಡಿ ಮಧ್ಯಾಹ್ನ ಮಂಕಾಗುತ್ತಿತ್ತು. ಊಟವಾದ ಮೇಲೆ ಸಿಬ್ಬಂದಿ ತೂಕಡಿಸುತ್ತಾರೆಂಬ ಅನುಮಾನವೂ ಹುಟ್ಟಿತ್ತು, ಪಾಪ! ನಿಜವಾಗಿ, ಬಿಸಿಲಿಗೆ ಮೇಲ್ನೀರು ಕಾದು ಸದ್ದು ಕೆಳಗೆ ಬಾಗಿಹೋಗುತ್ತಿತ್ತು. ಹಾಗೆ ಬಾಗಿದ ಸದ್ದು ತಲುಪದ ಕಡೆ ಜಲಾಂತರ್ಗಾಮಿ ಮರೆಯಾಗುತ್ತಿತ್ತು.

ಮೇಲಿನಿಂದ ಇಳಿದಂತೆ ನೀರು ತಣ್ಣಗಾಗಿ ವೇಗ ತಗ್ಗುತ್ತದೆ, ಇನ್ನೂ ಇಳಿದರೆ ಒತ್ತಡದಿಂದ ಮತ್ತೆ ಏರುತ್ತದೆ. ನಡುವೆ, ಅನೇಕ ಸಾಗರಗಳಲ್ಲಿ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ವೇಗ ಅತಿ ಕಡಿಮೆಯಿರುವ ಪದರವೊಂದಿದೆ. ಮೇಲಕ್ಕೆ ಹೊರಟ ಸದ್ದೂ ಕೆಳಕ್ಕೆ ಹೊರಟ ಸದ್ದೂ ಬಾಗಿ ಅಲ್ಲಿಗೇ ಮರಳುವುದರಿಂದ, ತಳಕ್ಕಾಗಲಿ ಮೇಲ್ಮೈಗಾಗಲಿ ಬಡಿದು ಸೊರಗದೆ ಅದು ಸಾವಿರಾರು ಕಿಲೋಮೀಟರ್ ಹೋಗಬಲ್ಲುದು. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ನೀರೊಳಗೆ ಸಿಡಿಸಿದ ಸ್ಫೋಟಕಗಳ ಸದ್ದು ಸುಮಾರು 20,000 ಕಿಲೋಮೀಟರ್ ದೂರದ, ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಬಳಿ ಮೂರೂವರೆ ಗಂಟೆಗೂ ಮೀರಿದ ಸಮಯದ ಬಳಿಕ ಕೇಳಿಸಿತು. ಗ್ರಾಂಡ್ ಐಲ್ಯಾಂಡಿನ ಆಳವಿಲ್ಲದ ನೀರಿನಲ್ಲಿ ಇಂಥ ಪದರವಿಲ್ಲ. ಅಲ್ಲಿ ಸದ್ದು ತಳಕ್ಕೂ ಮೇಲ್ಮೈಗೂ ಪುಟಿಯುತ್ತಲೇ ಸಾಗುತ್ತದೆ.

ಪ್ರಯೋಜನದ ಮಾತು: ಸದ್ದು ತಲುಪಲು ಹಿಡಿದ ಸಮಯವನ್ನು ನಿಖರವಾಗಿ ಅಳೆದರೆ, ದಾರಿಯುದ್ದಕ್ಕೂ ನೀರು ಎಷ್ಟು ಬೆಚ್ಚಗಿದೆಯೆಂದು ಲೆಕ್ಕ ಹಾಕಬಹುದು. ಅಮೆರಿಕದ ಸಮುದ್ರ ವಿಜ್ಞಾನಿಗಳಾದ ವಾಲ್ಟರ್ ಮಂಕ್ ಮತ್ತು ಕಾರ್ಲ್ ವುನ್ಶ್ 1979ರಲ್ಲಿ ಈ ವಿಧಾನವನ್ನು ಮುಂದಿಟ್ಟರು. ಹಡಗು ಹೋಗಿ ಒಂದೊಂದೇ ಕಡೆ ಉಷ್ಣಮಾಪಕ ಇಳಿಸುವ ಬದಲು, ನೂರಾರು ಕಿಲೋಮೀಟರ್ ಕಡಲನ್ನು ಒಂದೇ ಸದ್ದಿನಿಂದ ಅಳೆಯುವ ಉಪಾಯವಿದು.

ಪ್ರಶ್ನೆ: ಹಾಗಿದ್ದರೆ ದಡದಿಂದ ಕೂಗಿದ್ದು ಮುಳುಗಿದವರಿಗೆ ಕೇಳದೇಕೆ?
– ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಗಾಳಿಯಿಂದ ಬಂದ ಸದ್ದಿನ ಶಕ್ತಿಯಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ನೀರಿನೊಳಗೆ ಇಳಿಯುತ್ತದೆ, ಉಳಿದುದು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಎಂಜಿನ್ ಸದ್ದಿಗೆ ಆ ತಡೆಯಿಲ್ಲ. ದೋಣಿಯ ತಳವೂ ಪ್ರೊಪೆಲ್ಲರೂ ನೀರಿನೊಳಗೇ ಇರುತ್ತವೆ.