ಒಂದೇ ಹೌಸ್, ಮೂರು ಕಂಠ

ಗಂಡುಮಕ್ಕಳ ವಸತಿಶಾಲೆಗಳ ಸಂಗೀತದ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹಾಡು, ವಾದ್ಯದ ಪ್ರಶ್ನೆಗಳಿಗೆ ಸಂಗೀತ ಶಿಕ್ಷಕರು, ಹಾಸ್ಟೆಲ್ ದಿನಚರಿಯ ಪ್ರಶ್ನೆಗಳಿಗೆ ವಾರ್ಡನ್ ಉತ್ತರಿಸಿದ್ದಾರೆ.

ಪ್ರಶ್ನೆ: ಹಾಸ್ಟೆಲ್‌ನ ಹೌಸ್‌ಗಳ (ಬ್ಲಾಕ್‌ಗಳ) ನಡುವಿನ ಸಮೂಹಗಾನ ಸ್ಪರ್ಧೆಗೆ ಆರನೆಯಿಂದ ಹತ್ತನೆಯ ತರಗತಿವರೆಗಿನ 12 ಹುಡುಗರು ಒಟ್ಟಿಗೆ ಹಾಡಬೇಕು. ಯಾವ ಶ್ರುತಿ ಇಟ್ಟರೂ ಅರ್ಧ ಜನಕ್ಕೆ ಎಟುಕುವುದಿಲ್ಲ. ಏನು ಮಾಡಲಿ?
— ಸಂಗೀತ ಶಿಕ್ಷಕಿ, ದಾವಣಗೆರೆ

ಶ್ರುತಿ ಆಮೇಲೆ, ಮೊದಲು ಕಂಠ ವಿಂಗಡಿಸಿ. ಹಾರ್ಮೋನಿಯಂ ಮುಂದೆ ಒಬ್ಬೊಬ್ಬನನ್ನೇ ನಿಲ್ಲಿಸಿ ಅಕಾರ ('ಆ' ಎಂದು ಎಳೆದು) ಹಾಡಿಸಿ. ಕೆಳಗೆ ಎಲ್ಲಿ ದನಿ ಗಾಳಿಯಾಗುತ್ತದೆ, ಮೇಲೆ ಎಲ್ಲಿ ಕತ್ತು ಬಿಗಿಯುತ್ತದೆ ಎಂದು ಬರೆದುಕೊಳ್ಳಿ. ಒಬ್ಬನಿಗೆ ಎರಡು ನಿಮಿಷ ಸಾಕು. ತರಗತಿಯನ್ನೋ ಚಿಗುರುಮೀಸೆಯನ್ನೋ ನೋಡಿ ತೀರ್ಮಾನಿಸಬೇಡಿ. ಎಂಟನೆಯವನ ದನಿ ಇಳಿದಿರುತ್ತದೆ, ಹತ್ತನೆಯವನದು ಇನ್ನೂ ಎಳೆಯದಾಗಿರುತ್ತದೆ. ಕೊನೆಗೆ ಮೂರು ಗುಂಪು ಸಿಗುತ್ತವೆ: ಎಳೆಕಂಠ, ಒಡೆಯುತ್ತಿರುವ ಕಂಠ, ಒಡೆದು ನೆಲೆನಿಂತ ಗಂಡುದನಿ.

ಸಾಮಾನ್ಯವಾಗಿ ಆಗುವ ತಪ್ಪು ಎರಡು. ದೊಡ್ಡವರಿಗೆ ಹಿತವೆಂದು ಒಂದೂವರೆ ಮನೆ ಶ್ರುತಿ (ಹಾರ್ಮೋನಿಯಂನ ಮೊದಲ ಕರಿ ಮನೆ) ಇಟ್ಟರೆ ಚಿಕ್ಕವರು ಒಂದು ಸ್ಥಾಯಿ (ಏಳು ಸ್ವರಗಳ ಒಂದು ಸುತ್ತು) ಮೇಲೆ ಹಾಡಬೇಕಾಗುತ್ತದೆ. ತಾರ ಗಾಂಧಾರದ, ಅಂದರೆ ಮೇಲಿನ ಸ್ಥಾಯಿಯ 'ಗ'ದ, ಹೊತ್ತಿಗೆ ಅದು ಹಾಡಲ್ಲ, ಕಿರುಚಾಟ. ಚಿಕ್ಕವರಿಗೆಂದು ಐದು ಮನೆ ಇಟ್ಟರೆ ದೊಡ್ಡವರ ಷಡ್ಜ ಪಾತಾಳದಲ್ಲಿ ಗೊಣಗುತ್ತದೆ. ಆರು ಅಥವಾ ಆರೂವರೆ ಮನೆ, ಅಂದರೆ ಹಾರ್ಮೋನಿಯಂನ ಬಿಳಿ ಆರು ಅಥವಾ ಕರಿ ಐದು, ಇಟ್ಟು ನೋಡಿ. ಎಳೆಕಂಠಗಳಿಗೆ ಇದು ಸಹಜ ಜಾಗ. ಗಂಡುದನಿಗಳು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತವೆ. ಷರತ್ತು ಒಂದೇ: ಹಾಡು ಮಧ್ಯ ಷಡ್ಜದಿಂದ ತಾರ ಗಾಂಧಾರದೊಳಗೆ ಮುಗಿಯಬೇಕು. ಮಂದ್ರ ಪಂಚಮಕ್ಕೆ (ಕೆಳಗಿನ ಸ್ಥಾಯಿಯ 'ಪ'ಕ್ಕೆ) ಇಳಿಯುವ ಹಾಡಾದರೆ ದೊಡ್ಡವರು ಅಲ್ಲಿ ಮಾಯವಾಗುತ್ತಾರೆ. ಆದ್ದರಿಂದ ರಾಗ ನೋಡಿ ಹಾಡು ಆರಿಸಬೇಡಿ, ವ್ಯಾಪ್ತಿ ನೋಡಿ ಆರಿಸಿ.

ಉಳಿದವರು ನಡುವಿನ ಗುಂಪಿನವರು. ಅವರನ್ನು 'ಬಾಯಿ ಆಡಿಸು ಸಾಕು' ಎಂದು ಹಿಂದಿನ ಸಾಲಿಗೆ ತಳ್ಳುವುದು ನಮ್ಮಲ್ಲಿ ರೂಢಿ, ಅದು ಅನ್ಯಾಯ. ಕಂಠ ಒಡೆಯುವಾಗಲೂ ಐದಾರು ಸ್ವರ ಗಟ್ಟಿಯಾಗಿರುತ್ತವೆ. ಈ ಶ್ರುತಿಯಲ್ಲಿ ಅವು ಹೆಚ್ಚಾಗಿ ಚಿಕ್ಕವರ ಸ್ಥಾಯಿಯ ಷಡ್ಜದಿಂದ ಪಂಚಮದವರೆಗೆ ಬೀಳುತ್ತವೆ. ಪಲ್ಲವಿ ಪೂರ್ವಾಂಗದಲ್ಲೇ (ಸ್ಥಾಯಿಯ ಕೆಳ ಅರ್ಧದಲ್ಲೇ) ಸುಳಿಯುತ್ತಿದ್ದರೆ ಅದನ್ನು ಅವರಿಗೆ ಕೊಡಿ. ಚರಣ ಮೇಲೆ ಹೋದಾಗ ಅವರ ಕೈಗೆ ತಾಳವನ್ನೋ ಖಂಜಿರವನ್ನೋ ಕೊಡಿ.

ಅಭ್ಯಾಸಕ್ಕೆ ಮೂರು ವಾರ, ದಿನಕ್ಕೆ 25 ನಿಮಿಷ ಸಾಕು. ಮೊದಲ ವಾರ ರಾಗವೇ ಬೇಡ, ತಾಳ ಹಾಕುತ್ತಾ ಸಾಹಿತ್ಯ ಮಾತ್ರ ಹೇಳಿಸಿ. ಹನ್ನೆರಡು ಬಾಯಲ್ಲಿ ಒತ್ತಕ್ಷರ ಒಂದೇ ಕ್ಷಣಕ್ಕೆ ಬೀಳುವುದು ರಾಗಕ್ಕಿಂತ ಕಷ್ಟ. ಎರಡನೆಯ ವಾರ ರಾಗ ಕೂಡಿಸಿ. ಮೂರನೆಯ ವಾರ ಶ್ರುತಿಪೆಟ್ಟಿಗೆ ನಿಲ್ಲಿಸಿ ಇಡೀ ಹಾಡು ಹಾಡಿಸಿ, ಮುಗಿದ ಕೂಡಲೇ ಮತ್ತೆ ಹಾಕಿ. ಅರ್ಧ ಮನೆ ಇಳಿದಿದ್ದರೆ ಎಲ್ಲರೂ ಸಾಲಿನ ಕೊನೆಯಲ್ಲಿ ಒಟ್ಟಿಗೆ ಉಸಿರು ಮುಗಿಸುತ್ತಿದ್ದಾರೆ ಎಂದರ್ಥ. ಅಕ್ಕಪಕ್ಕದ ಇಬ್ಬರು ಒಂದೇ ಕಡೆ ಉಸಿರೆಳೆಯದಂತೆ ಪ್ರತಿಯೊಬ್ಬನ ಹಾಳೆಯಲ್ಲಿ ಪೆನ್ಸಿಲ್ ಗುರುತು ಹಾಕಿ.

ವೇದಿಕೆಯಲ್ಲಿ ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ಸ್ಟ್ಯಾಂಡಿನ ಎರಡು ಮೈಕು ಮುಂದಿನ ಸಾಲಿನಿಂದ ಎರಡು ಮೂರು ಅಡಿ ದೂರದಲ್ಲಿರಲಿ; ಕೈ ಮೈಕು ಕೊಟ್ಟರೆ ಹಿಡಿದವನದೇ ಹಾಡು. ಇನ್ನೊಂದು: ಹಿಂದಿನ ದಿನ ಕಬಡ್ಡಿ ಫೈನಲ್ ಇಲ್ಲದಂತೆ ನೋಡಿಕೊಳ್ಳಿ. ಹೌಸ್‌ಗೆ ಜೈಕಾರ ಹಾಕಿ ಗಂಟಲು ಕೂತ ಹುಡುಗರಿಂದ ಮರುದಿನ ಯಾವ ಶ್ರುತಿಯೂ ಬಾರದು.

ಪ್ರಶ್ನೆ: ಹಾಸ್ಟೆಲ್ ಬ್ಲಾಕಿಗೆ 'ಹೌಸ್' ಎನ್ನುವುದು ಏಕೆ? ಸಂಗೀತಕ್ಕೂ ಅದಕ್ಕೂ ಏನು ನಂಟು?
— ಓದುಗರು, ಹಾವೇರಿ

ಇಂಗ್ಲೆಂಡಿನ ಹಳೆಯ ವಸತಿಶಾಲೆಗಳಲ್ಲಿ ಹುಡುಗರು ಒಬ್ಬೊಬ್ಬ ಮೇಷ್ಟರ ಉಸ್ತುವಾರಿಯ ಬೇರೆ ಬೇರೆ ಮನೆಗಳಲ್ಲಿ ಇರುತ್ತಿದ್ದರು, ಹೆಸರು ಅಲ್ಲಿಂದ ಬಂತು. ಲಂಡನ್ ಬಳಿಯ ಹ್ಯಾರೋ ಶಾಲೆಯಲ್ಲಿ 1860ರ ದಶಕದಿಂದ ಜಾನ್ ಫಾರ್ಮರ್ ಎಂಬ ಸಂಗೀತ ಶಿಕ್ಷಕರು ಹೌಸ್‌ನವರೆಲ್ಲ ಒಟ್ಟಾಗಿ ಹಾಡುವ ಪದ್ಧತಿ ಬೆಳೆಸಿದರು. 1905ರಿಂದ 1907ರವರೆಗೆ ನೆಹರೂ ಓದಿದ್ದು ಅಲ್ಲೇ. ನಮ್ಮಲ್ಲಿ ಹೆಸರುಗಳು ಒಗ್ಗಿಕೊಂಡವು: 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆಯ ಹೌಸ್‌ಗಳಿಗೆ ಹೊಯ್ಸಳ, ಆದಿಲ್‌ಶಾಹಿ, ಒಡೆಯರ್ ಎಂದು ರಾಜವಂಶಗಳ ಹೆಸರು.

ಪ್ರಶ್ನೆ: ಐದು ವರ್ಷ ಹಾಡು ಕಲಿತ ಮಗನಿಗೆ ಈಗ 13. ದನಿ ಒಡೆದಿದೆ, ರೂಮಿನ ಹುಡುಗರು ನಗುತ್ತಾರಂತೆ, ಸಂಗೀತ ಬಿಡುತ್ತೇನೆ ಅನ್ನುತ್ತಾನೆ.
— ತಾಯಿ, ಸಾಗರ

ಬಿಡಿಸಬೇಡಿ, ಒತ್ತಾಯವನ್ನೂ ಮಾಡಬೇಡಿ. ಧ್ವನಿಪೆಟ್ಟಿಗೆ ದೊಡ್ಡದಾಗಿ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ, ಮಾತಿನ ದನಿ ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ಅವುಗಳನ್ನು ಹಿಡಿಯುವ ಸ್ನಾಯುಗಳಿಗೆ ಹೊಸ ಅಳತೆ ರೂಢಿಯಾಗುವವರೆಗೆ ನಡುವೆ ದನಿ ಜಾರುತ್ತದೆ. ಕೆಲವರಿಗೆ ಇದು ಕೆಲವೇ ತಿಂಗಳು, ಕೆಲವರಿಗೆ ಎರಡು ವರ್ಷ.

ದೊಡ್ಡ ತಪ್ಪೆಂದರೆ ಹಳೆಯ ಶ್ರುತಿಯಲ್ಲೇ ಹಟ ಹಿಡಿದು ಹಾಡಿಸುವುದು. ದಿನಕ್ಕೆ 15 ನಿಮಿಷ, ಮೆಲುದನಿಯಲ್ಲಿ, ಆರಾಮಾಗಿ ಬರುವ ಐದಾರು ಸ್ವರದೊಳಗೇ ಸರಳೆ, ಜಂಟಿಯಂಥ ಆರಂಭದ ಸ್ವರಪಾಠ ಹಾಡಲಿ. ಮೇಲಿಂದ ಕೆಳಕ್ಕೆ ನಿಧಾನ ಜಾರುವ ಅಕಾರ ಒಳ್ಳೆಯದು. ತಿಂಗಳಿಗೊಮ್ಮೆ ಶ್ರುತಿ ಮತ್ತೆ ಅಳೆಯಿರಿ. ಪಿಸುಗುಟ್ಟಿ ಹಾಡುವುದು ಗಂಟಲಿಗೆ ವಿಶ್ರಾಂತಿ ಅಲ್ಲ. ನೆಗಡಿ ಇಲ್ಲದೆಯೂ ಮೂರು ವಾರ ಮೀರಿ ದನಿ ಕರಕರ ಎಂದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಈ ಅವಧಿಯಲ್ಲಿ ಲಯ ಗಟ್ಟಿ ಮಾಡಿಕೊಳ್ಳಬಹುದು: ಸಪ್ತತಾಳ ಅಲಂಕಾರಗಳನ್ನು (ಏಳು ತಾಳಗಳ ಸ್ವರಪಾಠಗಳನ್ನು) ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಬಾಯಿಪಾಠವಾಗಿ. ನಗುವವರ ಕಥೆಗೆ ಬಂದರೆ, ಅವರ ದನಿಯೂ ಬರುವ ವರ್ಷ ಒಡೆಯುತ್ತದೆ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಫೋನ್ ಬಿಡುವುದಿಲ್ಲ, ಅಭ್ಯಾಸಕ್ಕೆ ಜಾಗವೂ ಇಲ್ಲ. ಪಿಟೀಲು ಕಲಿಯುವ ಹುಡುಗ ಹೇಗೆ ಮುಂದುವರಿಯಬೇಕು?
— ತಂದೆ, ಹಾಸನ

ವಾರ್ಡನ್ ಉತ್ತರ: ಬೆಳಗಿನ ಐದೂವರೆಗೆ ಡಾರ್ಮಿಟರಿಯಲ್ಲಿ ಪಿಟೀಲು ಎತ್ತಿದವನಿಗೆ ಹೌಸ್‌ನಲ್ಲಿ ಸ್ನೇಹಿತರು ಉಳಿಯುವುದಿಲ್ಲ. ಆಟ ಮುಗಿದು ಸಂಜೆಯ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ ಕೇಳಿ. ಬಾಯಿಮಾತಲ್ಲ, ಬರಹದಲ್ಲಿ ಕೇಳಿ. ವಾರ್ಡನ್ ಬದಲಾದರೂ ಪತ್ರ ಉಳಿಯುತ್ತದೆ. ಊಟದ ಹಾಲ್ ಆ ಹೊತ್ತಿಗೆ ಖಾಲಿ ಇರುತ್ತದೆ. ಸ್ನಾನದ ಮನೆಯಲ್ಲಿ ಬಾರಿಸಬೇಡ ಎನ್ನಿ: ಅಲ್ಲಿನ ಪ್ರತಿಧ್ವನಿ ಅಪಶ್ರುತಿಯನ್ನು ಮುಚ್ಚುತ್ತದೆ, ತೇವ ವಾದ್ಯದ ಅಂಟನ್ನು ಸಡಿಲಿಸುತ್ತದೆ. ಪಿಟೀಲಿನ ಕುದುರೆಗೆ (ತಂತಿಗಳನ್ನು ಹೊರುವ ಬ್ರಿಡ್ಜ್‌ಗೆ) ಸಿಕ್ಕಿಸುವ ರಬ್ಬರ್ ಮ್ಯೂಟ್ ಕಳಿಸಿ, ದನಿ ಸಾಕಷ್ಟು ಕುಗ್ಗುತ್ತದೆ. ಫೋನಿನ ತಂಬೂರಿ ಆ್ಯಪ್ ಬದಲು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೊಡಿ, ಅದಕ್ಕೆ ಯಾವ ಹಾಸ್ಟೆಲ್ಲೂ ಬೇಡ ಅನ್ನುವುದಿಲ್ಲ. ಒಂದು ಜೊತೆ ತಂತಿ, ಕಮಾನಿಗೆ ಹಚ್ಚುವ ರೋಸಿನ್, ಒಣಬಟ್ಟೆ ಪೆಟ್ಟಿಗೆಯಲ್ಲೇ ಇರಲಿ. ಬಾರಿಸಿದ ಮೇಲೆ ಕಮಾನಿನ ಕೂದಲು ಸಡಿಲ ಮಾಡಲೇಬೇಕು, ಇಲ್ಲವಾದರೆ ಕಡ್ಡಿ ಬಾಗುತ್ತದೆ.

ಪ್ರಶ್ನೆ: ಮಗ ರಾಮಕೃಷ್ಣ ಆಶ್ರಮದ ಶಾಲೆಯಲ್ಲಿದ್ದಾನೆ. ಸಂಗೀತವೆಂದರೆ ಸಂಜೆಯ ಭಜನೆ ಮಾತ್ರ. ಸಾಕೇ?
— ತಂದೆ, ಚಾಮರಾಜನಗರ

ಸ್ವಾಮಿ ವಿವೇಕಾನಂದರು ರಚಿಸಿದ ಸಂಜೆಯಾರತಿಯ ಹಾಡನ್ನು ಮೈಸೂರಿನ ವಿದ್ಯಾಶಾಲೆಯೂ ಸೇರಿ ಆ ಸಂಸ್ಥೆಯ ಎಲ್ಲ ಕಡೆ ದಿನವೂ ಹಾಡುತ್ತಾರೆ. ಒಂದೇ ಹಾಡು, ನಡುವೆ ಬದಲಾಗುವ ಗತಿ, ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಕಿವಿ ತಯಾರಾಗಲು ಇದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಬೇಕೆಂದಿದ್ದರೆ ರಜೆಯಲ್ಲಿ ಬೇರೆ ಪಾಠ ಬೇಕೇ ಬೇಕು.

ಪ್ರಶ್ನೆ: ಬೆಂಗಳೂರಿನಿಂದ ಆಗುಂಬೆ ಕಡೆಯ ಶಾಲೆಗೆ ಮೃದಂಗ ಕಳಿಸಿದೆವು. ಒಂದೇ ಮಳೆಗಾಲಕ್ಕೆ ಹಾಳು. ಹೌಸ್‌ನ ಹಾರ್ಮೋನಿಯಂ ಕೂಡ ಉಸಿರು ಹಿಡಿಯುವುದಿಲ್ಲವಂತೆ.
— ಓದುಗರು, ಬೆಂಗಳೂರು

ಚರ್ಮ ತೇವ ಹೀರಿದರೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಆಗ ಹುಡುಗರು ಕಲ್ಲು, ಗೂಟ ಹಿಡಿದು ಬಡಿದು ಏರಿಸುತ್ತಾರೆ. ಬಿಸಿಲು ಬಂದ ದಿನ ಅದೇ ಚರ್ಮ ಬಿಗಿದು ಹರಿಯುತ್ತದೆ. ಮಳೆಗಾಲದಲ್ಲಿ ಅರ್ಧ ಮನೆ ಕೆಳಗೇ ಬಾರಿಸಲಿ. ಬಲ್ಬಿನ ಶಾಖ, ಅಡುಗೆಮನೆಯ ಒಲೆ ಎರಡೂ ಬೇಡ, ಕರಣೆ (ಬಲಮುಖದ ನಡುವಿನ ಕಪ್ಪು ಲೇಪ) ಬಿರಿಯುತ್ತದೆ. ಎಡಮುಖದ ರವೆ ಹಿಟ್ಟನ್ನು ಬಾರಿಸಿದ ಕೂಡಲೇ ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಚೀಲಕ್ಕೆ ಹಾಕಬೇಕು. ಹಾಸ್ಟೆಲ್‌ನಲ್ಲಿ ಮೃದಂಗ ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಆ ಹಿಟ್ಟಿಗೆ ಬರುವ ಇಲಿ, ಜಿರಲೆ. ಊಟದ ಜಿಡ್ಡಿನ ಕೈಯಲ್ಲಿ ಬಲಮುಖ ಮುಟ್ಟಿದರೆ ಕರಣೆ ಪುಡಿಪುಡಿಯಾಗಿ ಏಳುತ್ತದೆ. ಚೀಲವನ್ನು ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಡಬೇಡಿ. ಒಳಗೆ ಎರಡು ಪೊಟ್ಟಣ ಸಿಲಿಕಾ ಜೆಲ್ ಇರಲಿ.

ಹಾರ್ಮೋನಿಯಂಗೆ ಹೀಗೆ ಪರೀಕ್ಷೆ ಮಾಡಿ: ಮುಂದಿನ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಗಾಳಿ ತುಂಬಿಸಿ. ತಿತ್ತಿ ತಕ್ಷಣ ಕುಸಿದರೆ ಸೋರುತ್ತಿದೆ. ಮಡಿಕೆಯ ಮೂಲೆಗಳಿಗೆ ಒದ್ದೆ ಬೆರಳು ಹಿಡಿದರೆ ಗಾಳಿ ತಣ್ಣಗೆ ತಾಗುವ ಜಾಗ ಸಿಗುತ್ತದೆ; ಅಲ್ಲಿ ತೆಳು ಚರ್ಮದ ಚೂರು ಅಂಟಿಸಿ ಒಂದು ರಾತ್ರಿ ಒಣಗಲು ಬಿಡಿ. ತಿತ್ತಿ ನಿಂತೂ ಒಂದೇ ಸ್ವರ ತಾನಾಗಿ ಊದುತ್ತಿದ್ದರೆ ಆ ಮನೆಯ ಕೆಳಗೆ ಪೆನ್ಸಿಲ್ ಚೂರೋ ಬಿಸ್ಕತ್ತಿನ ಪುಡಿಯೋ ಸಿಕ್ಕಿಕೊಂಡಿದೆ. ಸ್ವರ ಹೊರಡಿಸುವ ಲೋಹದ ಪಟ್ಟಿಗೆ, ಅಂದರೆ ರೀಡಿಗೆ, ಮಾತ್ರ ಕೈ ಹಾಕಬೇಡಿ, ಉಗುರು ತಾಗಿದರೂ ಶ್ರುತಿ ಕೆಡುತ್ತದೆ, ಅದು ರಿಪೇರಿಯವರ ಕೆಲಸ. ಮತ್ತೆ, ಅದರ ಮೇಲೆ ಯಾರ ಟ್ರಂಕನ್ನೂ ಇಡಲು ಬಿಡಬೇಡಿ.