ದುಡ್ಡು ಬರುವ ಹೊತ್ತಿಗೆ ಮಕ್ಕಳು ಊರಲ್ಲಿ ಇರಲ್ಲ

ನೀವು ಬೆಂಗಳೂರಿನ ಕಂಪನಿಯೊಂದರಲ್ಲಿ ಸಿಎಸ್‌ಆರ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಸಮಾಜಕ್ಕೆ ಅಂತ ಖರ್ಚು ಮಾಡುವ ದುಡ್ಡು, ನೋಡಿಕೊಳ್ಳುತ್ತೇನೆ ಅಂದಿರಿ. ರಾಯಚೂರು ಕಡೆ ಮಕ್ಕಳಿಗೆ, ಅವರ ಮನೆಯವರಿಗೆ ಅಂತ ದುಡ್ಡು ಕೊಡೋಕೆ ತಯಾರಿದ್ದೀವಿ, ಆದರೆ ಅಲ್ಲಿನ ಸಂಸ್ಥೆಗಳು ಪ್ರಪೋಸಲ್ ಸರಿಯಾಗಿ ಬರೆಯಲ್ಲ, ಕೊಟ್ಟಿದ್ದನ್ನೂ ಟೈಮಿಗೆ ಖರ್ಚು ಮಾಡಲ್ಲ, ಯಾಕೆ ಅಂತ ಕೇಳಿದಿರಿ. ಬೈಯೋಕೆ ಕೇಳಿದ್ದಲ್ಲ ಅಂತ ಗೊತ್ತಾಯಿತು, ಅದಕ್ಕೆ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ.

ನಾನು ಲೆಕ್ಕ ಬರೆಯುವವನು. ದೇವದುರ್ಗ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಸಂಜೆ ಮಕ್ಕಳ ಕೇಂದ್ರ ನಡೆಸುವ ಒಂದು ಸಣ್ಣ ಸಂಸ್ಥೆಯಲ್ಲಿ. ಭಾಷಣ ಮಾಡೋಕೆ ಬರಲ್ಲ, ಆದರೆ ಯಾವ ದುಡ್ಡು ಯಾವ ತಿಂಗಳು ಬಂತು ಅಂತ ಕೇಳಿದರೆ ಹೇಳಬಲ್ಲೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದೂ ಅಲ್ಲೇ, ತಿಂಗಳಲ್ಲೇ.

ನಿಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್. ನಮ್ಮ ಊರಿನ ವರ್ಷ ಬೇರೆ. ಮುಂಗಾರಿಗೆ ಬಿತ್ತೋದು, ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸೋದು, ಅದು ಮುಗಿಯುತ್ತಿದ್ದಂತೆ ಗುಳೆ. ನೀವು ವಲಸೆ ಅಂತ ಬರೆಯುತ್ತೀರಿ, ಇಲ್ಲಿ ಯಾರೂ ಹಾಗೆ ಅನ್ನಲ್ಲ, ಗುಳೆ ಅಂತಾರೆ. ಕಾಲುವೆ ನೀರು ಚೆನ್ನಾಗಿ ಸಿಗುವ ಸಿಂಧನೂರು ಕಡೆ ಭತ್ತ ಇರೋದರಿಂದ ಕೂಲಿ ಸಿಗುತ್ತೆ. ಮಳೆ ನಂಬಿದ ಊರುಗಳಲ್ಲಿ, ಕಾಲುವೆಯ ಕೊನೆಭಾಗದ ಊರುಗಳಲ್ಲಿ ಡಿಸೆಂಬರ್ ಆದ ಮೇಲೆ ಕೆಲಸ ಇರಲ್ಲ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ ಮುಂಬೈಗೆ, ಹತ್ತಿರ ಅಂದರೆ ಗಡಿ ಆಚೆ ಮೆಣಸಿನಕಾಯಿ ಬಿಡಿಸೋಕೆ ಹೋಗುತ್ತಾರೆ. ಯುಗಾದಿಗೋ ಊರ ಜಾತ್ರೆಗೋ ಒಮ್ಮೆ ಬಂದು ಹೋಗುತ್ತಾರೆ. ಪೂರ್ತಿ ವಾಪಸ್ ಬರೋದು ಜೂನ್ ಮಳೆಗೆ.

ಒಂದು ಸಲ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಜೋಳದ ಚೀಲ, ಖಡಕ್ ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ, ಒಂದು ಪ್ಲಾಸ್ಟಿಕ್ ಕೊಡ. ಆ ಗಂಟಿನ ಮೇಲೆ ಕೂತಿರುವ ಹುಡುಗ ಶಾಲೆಯ ಯೂನಿಫಾರ್ಮ್ ಹಾಕಿಕೊಂಡಿರುತ್ತಾನೆ. ಶಾಲೆಗೆ ಹೊರಟಿದ್ದಾನೆ ಅಂತಲ್ಲ, ಮನೆಯಲ್ಲಿ ಇರೋ ಒಳ್ಳೆ ಅಂಗಿ ಅದೊಂದೇ.

ನಮ್ಮ ಒಂದು ಕೇಂದ್ರದ ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇದೆ. ಅಕ್ಟೋಬರ್ ಹಾಳೆಯಲ್ಲಿ 38 ಹೆಸರು, ದಿನಾ ಮೂವತ್ತಕ್ಕೆ ಕಡಿಮೆ ಇಲ್ಲ. ಜನವರಿಯಿಂದ ಅಕ್ಕೋರು, ಅಂದರೆ ಕೇಂದ್ರದ ಟೀಚರ್, ಕೆಂಪು ಪೆನ್ನಿನಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರ ಬರೆಯೋಕೆ ಶುರು ಮಾಡಿದ್ದಾರೆ, ‘ಗು’. ಮಾರ್ಚ್ ಹಾಳೆಯಲ್ಲಿ ‘ಗು’ ಇಲ್ಲದ ಹೆಸರು 11.

ಈಗ ದುಡ್ಡಿನ ಕಥೆ ಕೇಳಿ. ಒಂದು ಕಂಪನಿ, ಹೆಸರು ಬೇಡ. ಜುಲೈನಲ್ಲಿ ನಾವು ಪ್ರಪೋಸಲ್ ಕಳಿಸಿದೆವು. ಇಂಗ್ಲಿಷ್‌ನಲ್ಲಿ ಬರೆಯೋಕೆ ಕಾಲೇಜು ಮುಗಿಸಿದ ಒಬ್ಬ ಹುಡುಗನನ್ನ ಕೂರಿಸಿಕೊಂಡು ನಾಲ್ಕು ರಾತ್ರಿ ಕಳೆದೆವು. ಸೆಪ್ಟೆಂಬರ್‌ನಲ್ಲಿ ದಾಖಲೆ ಕೇಳಿದರು: ಸೊಸೈಟಿ ನೋಂದಣಿ, ಆದಾಯ ತೆರಿಗೆಯ 12ಎ, 80ಜಿ, ಸಿಎಸ್‌ಆರ್ ದುಡ್ಡು ಪಡೆಯೋಕೆ ಬೇಕಾದ ಸಿಎಸ್‌ಆರ್-1 ನಂಬರು, ಸಂಸ್ಥೆಗಳ ಸರ್ಕಾರಿ ಪೋರ್ಟಲ್ ದರ್ಪಣ್‌ನ ನಂಬರು, ಮೂರು ವರ್ಷದ ಆಡಿಟ್. ಎಲ್ಲಾ ಇತ್ತು, ಕೊಟ್ಟೆವು. ನವೆಂಬರ್‌ನಲ್ಲಿ ನೋಡೋಕೆ ಬಂದರು, ಮಕ್ಕಳು ಹಾಡು ಹೇಳಿದರು, ಫೋಟೋ ಆಯಿತು. ಒಪ್ಪಂದಕ್ಕೆ ಸಹಿ ಡಿಸೆಂಬರ್ ಕೊನೆಗೆ. ದುಡ್ಡು ಖಾತೆಗೆ ಬಿದ್ದಿದ್ದು ಫೆಬ್ರವರಿ 19ಕ್ಕೆ. ಮಾರ್ಚ್ ಎರಡನೇ ವಾರ ಮೇಲ್ ಬಂತು, 31ರೊಳಗೆ ಪೂರ್ತಿ ಖರ್ಚು ಮಾಡಿ ಯುಸಿ (ದುಡ್ಡು ಬಳಸಿದ್ದೇವೆ ಅನ್ನೋ ಪ್ರಮಾಣಪತ್ರ) ಕೊಡಿ ಅಂತ.

ಫೋನ್ ಮಾಡಿದೆ. ‘ಮೇಡಂ, ಮಕ್ಕಳು ಇಲ್ಲ’ ಅಂದೆ. ‘ಎಲ್ಲಿ ಹೋಗಿದ್ದಾರೆ?’ ಅಂದರು. ‘ನಿಮ್ಮ ಊರಿಗೇ ಬಂದಿದ್ದಾರೆ ಮೇಡಂ, ಬೆಂಗಳೂರಿಗೆ.’ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಹಾಗಾದರೆ ಸಾಮಾನು ಖರೀದಿ ಮಾಡಿಬಿಡಿ ಅಂದರು. ಪಾಪ, ಅವರ ಮೇಲೂ ಯಾರೋ ಕೂತಿರುತ್ತಾರೆ. ಎರಡು ಕಬ್ಬಿಣದ ಬೀರು, ನಲವತ್ತು ಬ್ಯಾಗು, ಆರು ಕೇರಂ ಬೋರ್ಡು ತಂದೆವು. ಬಿಲ್ಲು ಬಂತು, ಯುಸಿ ಹೋಯಿತು. ಜೂನ್‌ನಲ್ಲಿ ಮಕ್ಕಳು ವಾಪಸ್ ಬಂದಾಗ ಅಕ್ಕೋರ ಮೂರು ತಿಂಗಳ ಸಂಬಳಕ್ಕೆ ದುಡ್ಡಿರಲಿಲ್ಲ. ಒಂದು ಬೀರುವಿನಲ್ಲಿ ಈಗ ಕಸಬರಿಗೆ ಇಟ್ಟಿದ್ದಾರೆ.

ಇದು ಕಾನೂನಿನ ತಪ್ಪು ಅಂತ ನಾನು ತುಂಬಾ ದಿನ ತಿಳಿದಿದ್ದೆ. ಅಲ್ಲ. 2013ರ ಕಂಪನಿ ಕಾಯ್ದೆ, 135ನೇ ಸೆಕ್ಷನ್, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ಖರ್ಚು ಮಾಡಬೇಕು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ 2021ರ ಜನವರಿಯಲ್ಲಿ ಬದಲಾದ ನಿಯಮದಲ್ಲಿ ‘ಆನ್‌ಗೋಯಿಂಗ್ ಪ್ರಾಜೆಕ್ಟ್’, ಅಂದರೆ ಒಂದೇ ವರ್ಷಕ್ಕೆ ಮುಗಿಯದ ಕೆಲಸ, ಅಂತ ಒಂದಿದೆಯಲ್ಲ, ಒಂದು ಕೆಲಸವನ್ನ ಹಾಗೆ ಅಂತ ನಿಮ್ಮ ಬೋರ್ಡು ಒಪ್ಪಿದ್ದರೆ ಉಳಿದ ದುಡ್ಡನ್ನ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷದಲ್ಲಿ ಖರ್ಚು ಮಾಡಬಹುದು. ಮಾರ್ಚ್ 31ಕ್ಕೆ ಆಕಾಶ ಬೀಳಲ್ಲ. ಆದರೆ ಅದಕ್ಕೆ ಬೋರ್ಡು, ಬ್ಯಾಂಕು, ಆಡಿಟರ್ ಅಂತ ನಿಮ್ಮ ಕಡೆ ಕೆಲಸ ಜಾಸ್ತಿ. ಒಂದು ವರ್ಷದ ಪ್ರಾಜೆಕ್ಟ್ ಅಂತ ಬರೆದರೆ ಸುಲಭ. ಆ ಸುಲಭದ ಬೆಲೆ ನಮ್ಮ ಹಾಜರಿ ಪುಸ್ತಕದಲ್ಲಿ ಕೆಂಪಗೆ ಕಾಣುತ್ತೆ.

ಇನ್ನೊಂದು, ಶೇ 5ರ ಮಾತು. ಆಡಳಿತ ಖರ್ಚು ಶೇ 5 ದಾಟಬಾರದು ಅಂತ ನಮ್ಮ ಬಜೆಟ್ ಮೇಲೆ ಗೀಟು ಹಾಕಿ ಕಳಿಸುತ್ತಾರೆ. ಆ ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡುವ ಖರ್ಚಿಗೆ. ಹಳ್ಳಿಯಲ್ಲಿ ಓಡಾಡುವ ನಮ್ಮ ಕಾರ್ಯಕರ್ತೆಯ ಬಸ್ ಚಾರ್ಜಿಗಲ್ಲ. ಇದನ್ನ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಕಡೆ ಮಕ್ಕಳ ಕೆಲಸ ಅಂದರೆ ಅರ್ಧ ಓಡಾಟವೇ.

ಇದು ಗಡಿ. ರಾಯಚೂರಿನಿಂದ ಶಕ್ತಿನಗರ ದಾಟಿ ಕೃಷ್ಣಾ ಸೇತುವೆ ಹತ್ತಿದರೆ ಆಚೆ ದಡ ತೆಲಂಗಾಣ. ಹೆಣ್ಣು ಕೊಡೋದು ತರೋದು ಎರಡೂ ಕಡೆ ನಡೆಯುತ್ತೆ. ಬಾಣಂತನಕ್ಕೆ ತವರಿಗೆ ಹೋಗೋದು ಪದ್ಧತಿ, ಹಾಗಾಗಿ ತಾಯಿ ಗದ್ವಾಲ ಕಡೆಯವಳಾದರೆ ಮಗು ಹುಟ್ಟಿದ್ದು ಅಲ್ಲಿ, ಜನನ ಪ್ರಮಾಣಪತ್ರ ತೆಲುಗಿನಲ್ಲಿ, ಬೆಳೆಯೋದು ಇಲ್ಲಿ. ಗಂಡ ತೀರಿಕೊಂಡ ಒಬ್ಬ ತಾಯಿ ನಮ್ಮ ಕೇಂದ್ರಕ್ಕೆ ಬಂದರು. ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ, ಹಳ್ಳಿಯಲ್ಲಿ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ಆದಾಯದ ತಕರಾರೇ ಇರಲಿಲ್ಲ. ಆಧಾರ್‌ನಲ್ಲಿ ಮಾತ್ರ ತವರಿನ ವಿಳಾಸ, ಹೆಸರಿನ ಒಂದು ಅಕ್ಷರ ಬೇರೆ. ‘ಯಕ್ಕಾ, ಇದನ್ನ ತಿದ್ದಿಸ್ಕೊಂಡು ಬಾ’ ಅಂತ ಹೇಳಿದರೆ ಆಗುತ್ತಾ? ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ನಮ್ಮ ಕಾರ್ಯಕರ್ತೆ ಜೊತೆಗೆ ಆರು ಸಲ ಓಡಾಡಿದ ಮೇಲೆ ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಯಿತು. ಲೆಕ್ಕ ಹಾಕಿ: ಆ ಓಡಾಟಕ್ಕೆ ಎರಡು ಸಾವಿರವೂ ಆಗಿಲ್ಲ, ಮಂಜೂರಾದರೆ ವರ್ಷಕ್ಕೆ 48,000 ಸರ್ಕಾರದ ದುಡ್ಡೇ ಆ ಮನೆಗೆ ಬರುತ್ತೆ. ನಮ್ಮ ಬಜೆಟ್‌ನಲ್ಲಿ ಮೊದಲು ಗೀಟು ಬೀಳೋದು ಆ ಎರಡು ಸಾವಿರದ ಮೇಲೆ.

ಬೇರೆ ದುಡ್ಡು ಇಲ್ವಾ ಅಂದರೆ, ಇದೆ. ಪಕ್ಕದ ಬಳ್ಳಾರಿಯಲ್ಲಿ ಗಣಿಯವರು ಕಟ್ಟುವ ದುಡ್ಡಿನ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಮಹಿಳೆ ಮತ್ತು ಮಕ್ಕಳು ಇದ್ದಾರೆ. ಆದರೆ ನಾನು ಕಂಡ ಮಟ್ಟಿಗೆ ಕಟ್ಟಡ ಎದ್ದಷ್ಟು ಬೇಗ ಅದರೊಳಗೆ ಕೂರುವ ಮನುಷ್ಯ ಬರಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಯ ಅನುದಾನವೂ ಇದೆ, ಅದು ಹೋಗೋದು ಇಲಾಖೆಗಳಿಗೆ. ಸರ್ಕಾರ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅನ್ನೋ ಶಿಶುಪಾಲನಾ ಕೇಂದ್ರ ತೆರೆದಿದ್ದು ಒಳ್ಳೆ ಕೆಲಸ. ವಿದೇಶಿ ದುಡ್ಡಂತೂ ನಮ್ಮಂಥವರಿಗೆ ಮುಗಿದ ಕಥೆ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಬಂದಿದ್ದರಲ್ಲಿ ಒಂದು ಪಾಲು ನಮಗೆ ಕೊಡುತ್ತಿದ್ದರು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) ಬಂದ ತಿದ್ದುಪಡಿ ಹಾಗೆ ಒಬ್ಬರಿಂದ ಇನ್ನೊಬ್ಬರಿಗೆ ಕೊಡೋದನ್ನೇ ನಿಲ್ಲಿಸಿತು. ನಾವೇ ನೋಂದಣಿ ಮಾಡಿಸೋಣ ಅಂದರೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ದುಡ್ಡು ಬೇಕಂದರೆ ಮೊದಲು ದುಡ್ಡು ಇರಬೇಕು, ಗೊತ್ತಲ್ಲ.

ಸರಿ, ಏನು ಮಾಡಬಹುದು ಅಂತ ಕೇಳಿದಿರಲ್ಲ. ನನಗೆ ತೋಚಿದ್ದು ಅಜ್ಜಿ.

ನಗಬೇಡಿ. ಆ 11 ಮಕ್ಕಳು ಊರಲ್ಲಿ ಯಾಕೆ ಉಳಿದರು ಅಂತ ನಾವು ಮನೆಮನೆಗೆ ಹೋಗಿ ಕೇಳಿದೆವು. ಒಂಬತ್ತು ಮನೆಯಲ್ಲಿ ರೊಟ್ಟಿ ಬಡಿಯುವಷ್ಟು ಗಟ್ಟಿ ಇರುವ ಅಜ್ಜಿ ಇದ್ದರು. ಅಜ್ಜಿ ಇದ್ದೂ ಮಕ್ಕಳನ್ನ ಕರೆದುಕೊಂಡು ಹೋದ ಮನೆಯವರೂ ಇದ್ದರು. ಅವರಲ್ಲೊಬ್ಬರು ಹೇಳಿದ್ದು ಇಷ್ಟೇ: ‘ಮುದುಕಿಗೇ ಹೊಟ್ಟಿಗಿಲ್ಲ, ಹುಡುಗ್ರನ್ನ ಎಲ್ಲಿ ಬಿಟ್ಟು ಹೋಗೋದ್ರೀ ಸರ?’ ಮುಂದಿನ ವರ್ಷ ಊರವರೇ ಸೇರಿ, ನಾವೂ ಸ್ವಲ್ಪ ಹಾಕಿ, ಏಳು ಅಜ್ಜಿಯರಿಗೆ ಜನವರಿಯಿಂದ ಮೇ ತನಕ ಜೋಳ, ಬೇಳೆ, ಎಣ್ಣೆ ಕೊಟ್ಟೆವು. ಆ ಏಳು ಮನೆಯ ಮಕ್ಕಳು ಊರಲ್ಲೇ ಉಳಿದರು. ಒಬ್ಬಳು ಮಾತ್ರ ತಾಯಿ ಬೇಕು ಅಂತ ಅತ್ತು ಅತ್ತು ಫೆಬ್ರವರಿಯಲ್ಲಿ ಹೋದಳು, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ.

ಇದನ್ನೇ ಪ್ರಪೋಸಲ್‌ನಲ್ಲಿ ಬರೆದೆವು. ಫಲಾನುಭವಿ ಮಕ್ಕಳು ಅಲ್ವಾ, ಅಜ್ಜಿಗೆ ಯಾಕೆ ರೇಷನ್ ಅಂತ ವಾಪಸ್ ಬಂತು. ಸಿಎಸ್‌ಆರ್ ದುಡ್ಡು ಯಾವುದಕ್ಕೆ ಖರ್ಚು ಮಾಡಬಹುದು ಅಂತ ಹೇಳುವ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ಮೊದಲ ಸಾಲೇ ಹಸಿವು, ಬಡತನ, ಅಪೌಷ್ಟಿಕತೆ ಅಂತ ಶುರುವಾಗುತ್ತೆ, ಹಾಗಾಗಿ ನಿಯಮ ಅಡ್ಡ ಬರಲ್ಲ ಅಂತ ನನ್ನ ಅಂದಾಜು. ನೀವು ಒಮ್ಮೆ ನಿಮ್ಮವರನ್ನ ಕೇಳಿ ನೋಡಿ.

ಮತ್ತೆ, ನೀವು ಕಳಿಸಿದ ಫಾರ್ಮ್‌ನಲ್ಲಿ ‘ಮಕ್ಕಳ ಸಂಖ್ಯೆ’ ಅಂತ ಒಂದೇ ಡಬ್ಬಿ ಇದೆ. ಅದನ್ನ ಎರಡು ಮಾಡಿಕೊಡೋಕೆ ಆಗುತ್ತಾ? ಅಕ್ಟೋಬರ್‌ಗೆ ಒಂದು, ಫೆಬ್ರವರಿಗೆ ಒಂದು. ಆಗೋದಾದರೆ ತಿಳಿಸಿ, ಈ ಸಲ ಜೂನ್‌ನಲ್ಲೇ ತುಂಬಿ ಕಳಿಸುತ್ತೇನೆ.