ಮರವೇರುವ ಮುಳ್ಳುಹಂದಿ ಬೇರೆಯೇ ಕುಟುಂಬದ್ದು

ಮುಳ್ಳುಹಂದಿಯೊಂದು ಕೊಂಬೆಗೆ ಬಾಲ ಸುತ್ತಿ ಎಲೆ ತಿನ್ನುವ ವಿಡಿಯೊ ಹಾಕಿ, ಇದು ನಮ್ಮ ಅಡಿಕೆ ಮರವನ್ನೂ ಹತ್ತಬಹುದೇ ಎಂದು ಕೇಳಿದ್ದೀರಿ. ಭಯ ಬೇಡ ಸರ್. ಅದು ದಕ್ಷಿಣ ಅಮೆರಿಕದ ಕೊಯೆಂಡು ಎಂಬ ಕುಲದ ಮುಳ್ಳುಹಂದಿ. ನಮ್ಮ ತೋಟಕ್ಕೆ ನುಗ್ಗುವ ಮುಳ್ಳುಹಂದಿ (ಹಿಸ್ಟ್ರಿಕ್ಸ್ ಇಂಡಿಕಾ) ನೆಲದಲ್ಲೇ ಓಡಾಡಿ ಬಿಲದಲ್ಲಿ ಮಲಗುವ ಪ್ರಾಣಿ.

ವಿಡಿಯೊ ನಿಲ್ಲಿಸಿ ಬಾಲವನ್ನೊಮ್ಮೆ ನೋಡಿ. ತುದಿಯ ಕಡೆ ಮುಳ್ಳೇ ಇಲ್ಲ, ಮೇಲ್ಭಾಗದ ಚರ್ಮ ಬೋಳು. ಅಲ್ಲಿನ ಕೋತಿಗಳು ಬಾಲವನ್ನು ಕೆಳಮುಖವಾಗಿ ಸುತ್ತುತ್ತವೆ. ಇದು ಮೇಲ್ಮುಖವಾಗಿ ಸುರುಳಿ ಮಾಡಿ ಆ ಬೋಳು ಚರ್ಮವನ್ನೇ ಕೊಂಬೆಗೆ ಒತ್ತಿ ಹಿಡಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ತೀರಿಲ್ಲ.

ಎರಡೂ ಇಲಿ, ಅಳಿಲುಗಳಂತೆ ದಂಶಕಗಳೇ, ಹೆಸರಿನಲ್ಲಷ್ಟೇ ಹಂದಿ. ಆದರೆ ನಮ್ಮದು ಹಿಸ್ಟ್ರಿಸಿಡೇ ಕುಟುಂಬ, ಅಮೆರಿಕದವು ಎರೆತಿಜೋಂಟಿಡೇ ಕುಟುಂಬ. ಕೊಯೆಂಡುವಿಗೆ ನಮ್ಮ ಮುಳ್ಳುಹಂದಿಗಿಂತ ಗಿನಿಪಿಗ್ ಹತ್ತಿರದ ಬಂಧು. ಮುಳ್ಳು ಎರಡೂ ಕಡೆ ಬೇರೆ ಬೇರೆಯಾಗಿ ವಿಕಾಸಗೊಂಡಿತು. ಉತ್ತರ ಅಮೆರಿಕದ್ದೂ ಮರವೇರುತ್ತದೆ, ಆದರೆ ಬಾಲದಿಂದ ಹಿಡಿಯಲಾರದು. ಅದರ ಮೈಮೇಲೆ ಸುಮಾರು 30,000 ಮುಳ್ಳುಗಳಿದ್ದು, ತುದಿಯಲ್ಲಿ ಹಿಂದಕ್ಕೆ ಬಾಗಿದ ಸೂಕ್ಷ್ಮ ಕೊಕ್ಕೆಗಳಿವೆ. ನಮ್ಮ ಬೇಲಿಯ ಬಳಿ ಬಿದ್ದಿದ್ದ ಕಪ್ಪು ಬಿಳಿ ಪಟ್ಟೆಯ ಮುಳ್ಳಿನ ತುದಿಯನ್ನು ಬೆರಳಲ್ಲಿ ಸವರಿ ನೋಡಿದ್ದೆ: ನುಣುಪು.

ವರ್ಗೀಕರಣ ವಿದ್ವಾಂಸರಿಗೂ ಸುಲಭವಾಗಿರಲಿಲ್ಲ. ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿ ಕಾಡಿನಲ್ಲಿ ಕೀಟೋಮಿಸ್ ಎಂಬ ಮರವಾಸಿ ಇದೆ. ಅದರ ಬೆನ್ನ ಮೇಲೆ ಮುಳ್ಳಿನ ಬದಲು ಬಿರುಸಾದ ಕೂದಲು. ಹಲ್ಲಿನ ರಚನೆ ನೋಡಿ ಕೆಲವರು ಅದನ್ನು ಮುಳ್ಳಿಲಿ ಎಂಬ ಬೇರೊಂದು ಕುಟುಂಬದ ದಂಶಕಗಳ ಜೊತೆ ಸೇರಿಸಿದ್ದರು. 2009ರ ಡಿಎನ್‌ಎ ಅಧ್ಯಯನ ಅದನ್ನು ಅಮೆರಿಕದ ಮುಳ್ಳುಹಂದಿಗಳ ಕುಟುಂಬದಲ್ಲೇ ನಿಲ್ಲಿಸಿತು. ಮೈತುಂಬ ಕೂದಲಿರುವ ಗಿಡ್ಡಬಾಲದ ಕೆಲವು ಜಾತಿಗಳಿಗೆ ಸ್ಫಿಗ್ಗುರಸ್ ಎಂಬ ಪ್ರತ್ಯೇಕ ಕುಲವಿತ್ತು. ಈಗ ಅವೂ ಕೊಯೆಂಡುವಿನೊಳಗೇ ಸೇರಿವೆ. ಹಳೆಯ ಪುಸ್ತಕದಲ್ಲಿ ಆ ಹೆಸರು ಕಂಡರೆ ಗೊಂದಲ ಬೇಡ. ಬ್ರೆಜಿಲ್‌ನ ಪೆರ್ನಾಂಬುಕೊದಿಂದ 2013ರಲ್ಲೂ ಹೊಸ ಜಾತಿಯೊಂದಕ್ಕೆ ಹೆಸರಿಟ್ಟರು: ಕೊಯೆಂಡು ಸ್ಪೆರಾಟಸ್.

ಇನ್ನು ನಿಮ್ಮ ತೋಟದ ವಿಷಯ. ಅಡಿಕೆ ಗೊನೆಗೆ ಮುಳ್ಳುಹಂದಿಯಿಂದ ಅಪಾಯವಿಲ್ಲ, ಕಾಯಬೇಕಾದದ್ದು ಎಳೆ ಸಸಿ ಮತ್ತು ಗೆಡ್ಡೆಗಳನ್ನು. ತೆಂಗಿನ ಸಸಿಯ ಬುಡ ಕೊರೆದು ಸುಳಿ ತಿಂದುಬಿಡುತ್ತದೆ. ಉರುಳು, ವಿಷ ಎರಡೂ ಬೇಡ. ಅದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಸಿಯ ಸುತ್ತ ಗಟ್ಟಿ ತಂತಿ ಬಲೆ ಕಟ್ಟಿ, ಅಂಚನ್ನು ಒಂದಡಿಯಷ್ಟು ಮಣ್ಣಿನೊಳಗೆ ಹೂತುಬಿಡಿ. ಅದು ಬರುವುದು ಬಲೆಯ ಮೇಲಿಂದಲ್ಲ, ಕೆಳಗಿನಿಂದ ತೋಡಿಕೊಂಡು.